ಗುಜರಿಯ ಹೆಡ್‌ಲೈಟ್: ಬೆಳಕು ಬೀಳುವುದು ಯಾರ ಕಣ್ಣಿಗೆ?

ನಮ್ಮ ಊರುಗಳಲ್ಲಿ ಹಳೆ ಕಾರಿನ ಹೆಡ್‌ಲೈಟ್ ಒಡೆದರೆ ಮೊದಲು ಬಾಯಿಗೆ ಬರುವ ಮಾತು "ಗುಜರಿಯಲ್ಲಿ ಸಿಗ್ತದಾ ನೋಡುವ" ಎಂಬುದು. ಹದಿನೈದು ವರ್ಷ ಹಳೆಯ ಸ್ವಿಫ್ಟೋ, ಆಲ್ಟೋ, ಸ್ಯಾಂಟ್ರೋ ಇಟ್ಟುಕೊಂಡವನು ಶೋರೂಮಿಗೆ ಹೋದರೆ ಅಲ್ಲಿ ಒಡೆದ ಗ್ಲಾಸ್ ಒಂದನ್ನೇ ಕೊಡುವುದಿಲ್ಲ. ಗ್ಲಾಸ್, ರಿಫ್ಲೆಕ್ಟರ್, ಹಿಂದಿನ ಡಬ್ಬ ಎಲ್ಲ ಸೇರಿದ ಇಡೀ ಸೆಟ್ಟನ್ನೇ ಕೊಳ್ಳಬೇಕು. ಕೆಲವು ಮಾಡೆಲ್‌ಗೆ "ಸ್ಟಾಕ್ ಇಲ್ಲ, ಆರ್ಡರ್ ಹಾಕ್ಬೇಕು" ಎಂಬ ಉತ್ತರ. ಕಾರಿಗೇ ಬೆಲೆ ಉಳಿಯದ ಕಾಲದಲ್ಲಿ ಅದರ ಒಂದು ಕಣ್ಣಿಗೆ ಸಾವಿರಗಟ್ಟಲೆ ಸುರಿಯಲು ಯಾರಿಗೆ ಮನಸ್ಸು ಬರ್ತದೆ?

ಗುಜರಿಗೆ ಹೋಗುವುದು ತಪ್ಪಲ್ಲ. ನನ್ನನ್ನು ಕೇಳಿದರೆ ಹಳೆ ಕಾರಿಗೆ ಅದೇ ಒಳ್ಳೆಯ ದಾರಿ. ತಪ್ಪಿರುವುದು ನಾವು ಕೊಳ್ಳುವ ಕ್ರಮದಲ್ಲಿ, ಮತ್ತು ಹೇಳಿಯೇ ಬಿಡುತ್ತೇನೆ, ನಮ್ಮವರಲ್ಲಿ ಕೆಲವರು ಮಾರುವ ಕ್ರಮದಲ್ಲಿ. ರೇಟು ಎಷ್ಟು, ಕಾರಿಗೆ ಕೂರ್ತದಾ, ಉರಿತದಾ ಎಂಬ ಮೂರು ಪ್ರಶ್ನೆಯಲ್ಲಿ ವ್ಯಾಪಾರ ಮುಗಿಯುತ್ತದೆ. ಹೆಡ್‌ಲೈಟ್ ಉರಿದರೆ ಸಾಲದು, ಬೆಳಕು ಎಲ್ಲಿ ಬೀಳಬೇಕೋ ಅಲ್ಲೇ ಬೀಳಬೇಕು ಎಂಬ ನಾಲ್ಕನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಗುಜರಿಯ ಬಗ್ಗೆ ಮೊದಲು ಒಂದು ಮಾತು. ಕರಾವಳಿಯಲ್ಲಿ ಈ ಕಸುಬು ಮಾಡುವವರಲ್ಲಿ ಬ್ಯಾರಿಗಳು ಬಹಳ. ಕೈಗಾಡಿಯಲ್ಲಿ ಮನೆ ಮನೆಗೆ ಹೋಗಿ ಹಳೆ ಕಬ್ಬಿಣ, ಬಾಟಲಿ ಸೇರಿಸಿದವರ ಮಕ್ಕಳು ಇಂದು ಹೆದ್ದಾರಿ ಬದಿಯಲ್ಲಿ ಶೆಡ್ ಹಾಕಿ ಕಾರು ಬಿಚ್ಚಿ ಮಾರುತ್ತಾರೆ. ಆದರೂ ಮದುವೆ ಮಾತುಕತೆಯಲ್ಲಿ "ಹುಡುಗನಿಗೆ ಎಂಥ ಕೆಲಸ?" ಎಂದು ಕೇಳಿ, "ಗುಜರಿ" ಎಂದ ಕೂಡಲೇ ಸುಮ್ಮನಾಗುವವರು ಈಗಲೂ ಇದ್ದಾರೆ. ಅದೇ ಮಂದಿಯ ಕಾರಿಗೆ ಏನಾದರೂ ಆದರೆ ಮರುದಿನ ಬೆಳಿಗ್ಗೆ "ಕಾಕಾ, ಒಂದು ಲೈಟ್ ಬೇಕಿತ್ತು" ಎಂದು ಅದೇ ಶೆಡ್ಡಿನ ಮುಂದೆ ನಿಂತಿರುತ್ತಾರೆ. ಬೆಂಗಳೂರಿನ ಶಿವಾಜಿನಗರ, ಚೆನ್ನೈಯ ಪುದುಪೇಟ್, ಮುಂಬೈಯ ಕುರ್ಲಾ, ದಿಲ್ಲಿಯ ಮಾಯಾಪುರಿ, ಎಲ್ಲ ನಡೆಯುತ್ತಿರುವುದು ಇದೇ ಕೆಲಸದ ಮೇಲೆ. ಹಾಳಾದ ಒಂದು ಗಾಡಿಯಿಂದ ಹತ್ತು ಗಾಡಿಗಳನ್ನು ರಸ್ತೆಯಲ್ಲಿ ಉಳಿಸುವ ಈ ಕೆಲಸಕ್ಕೆ ಮೂಗು ಮುರಿಯಲು ಕಾರಣವೇ ಇಲ್ಲ.

ಗುಜರಿಯಲ್ಲಿ ಒಳ್ಳೆಯ ಹೆಡ್‌ಲೈಟ್ ಎಲ್ಲಿಂದ ಬರ್ತದೆ ಎಂದು ಕೆಲವರಿಗೆ ಸಂಶಯ. ಹಿಂದಿನಿಂದ ಲಾರಿ ಗುದ್ದಿ ಡಿಕ್ಕಿ ಒಳಗೆ ಹೋದ ಕಾರನ್ನು ಇನ್ಶೂರೆನ್ಸ್‌ನವರು 'ಟೋಟಲ್ ಲಾಸ್' ಎಂದು ಬರೆದುಬಿಡುತ್ತಾರೆ. ಅದರ ಮುಂಭಾಗಕ್ಕೆ ಏನೂ ಆಗಿರುವುದಿಲ್ಲ. ಇಂಜಿನ್ ಹೋಗಿ ರಿಪೇರಿಗೆ ಹಣ ಹಾಕಲು ಮನಸ್ಸಿಲ್ಲದೆ ಮಾರಿದ ಕಾರೂ ಹಾಗೆಯೇ. ಅಂಥದ್ದರಿಂದ ಬಿಚ್ಚಿದ ಕಂಪೆನಿ ಹೆಡ್‌ಲೈಟ್, ಪೇಟೆಯಲ್ಲಿ ಹೊಳೆಯುವ ಪ್ಯಾಕೆಟ್ಟಿನಲ್ಲಿ ಸಿಗುವ ಹೊಸ ಡುಪ್ಲಿಕೇಟಿಗಿಂತ ಎಷ್ಟೋ ಮೇಲು. ಹೆಡ್‌ಲೈಟ್ ಎಂದರೆ ಬಲ್ಬ್ ಇಡುವ ಡಬ್ಬ ಅಲ್ಲ. ಬಲ್ಬಿನೊಳಗಿನ ತಂತಿ ಎಲ್ಲಿ ಉರಿಯುತ್ತದೋ ಅದಕ್ಕೆ ಲೆಕ್ಕ ಹಾಕಿ ರಿಫ್ಲೆಕ್ಟರಿನ ಬಾಗು ಮಾಡಿರುತ್ತಾರೆ. ಡುಪ್ಲಿಕೇಟ್ ಮಾಡುವವನು ಹೊರಗಿನ ಆಕಾರವನ್ನು ಕಣ್ಣಿಗೆ ಕಾಣುವಷ್ಟು ನಕಲು ಮಾಡುತ್ತಾನೆ, ಒಳಗಿನ ಬಾಗಿನ ಲೆಕ್ಕ ಅವನಿಗೆ ಬೇಕಾಗಿಲ್ಲ. ಬಂಪರಿನ ಪಕ್ಕ ಚೆಂದ ಕೂರ್ತದೆ, ರಾತ್ರಿ ನೋಡಿದರೆ ಬೆಳಕು ಮರದ ತುದಿಯಲ್ಲಿ.

ಇನ್ನು ಎಡ-ಬಲದ ಸಂಗತಿ. ಗಲ್ಫ್ ನಂಟಿರುವ ನಮ್ಮ ಸಮುದಾಯಕ್ಕೆ ಇದು ಬೇರೆಯವರಿಗಿಂತ ಹೆಚ್ಚು ಸಂಬಂಧಪಟ್ಟದ್ದು. ನಮ್ಮ ದೇಶದಲ್ಲಿ ವಾಹನ ಓಡುವುದು ರಸ್ತೆಯ ಎಡಬದಿಯಲ್ಲಿ. ಎದುರಿನ ಗಾಡಿ ಬರುವುದು ಬಲದಿಂದ. ಹಾಗಾಗಿ ಇಲ್ಲಿಯ ಹೆಡ್‌ಲೈಟನ್ನು ಡಿಮ್ ಮಾಡಿ ಗೋಡೆಗೆ ಬಿಟ್ಟರೆ ಬೆಳಕಿನ ಮೇಲಂಚು ಬಲಗಡೆ ತಗ್ಗಿರುತ್ತದೆ, ಎಡಗಡೆ ತುಸು ಮೇಲೇರಿರುತ್ತದೆ. ಬಲಗಡೆ ತಗ್ಗಿಸಿದ್ದು ಎದುರಿನವನ ಕಣ್ಣು ಉಳಿಸಲು. ಎಡಗಡೆ ಏರಿಸಿದ್ದು ರಸ್ತೆ ಬದಿಯಲ್ಲಿ ನಡೆಯುವವರು, ಚರಂಡಿ, ಮೈಲುಗಲ್ಲು ಕಾಣಲು. ದುಬೈ, ಸೌದಿ, ಕತರ್, ಒಮಾನ್ ಎಲ್ಲ ಕಡೆ ವಾಹನ ಬಲಬದಿಯಲ್ಲಿ ಓಡುತ್ತದೆ. ಅಲ್ಲಿಯ ಹೆಡ್‌ಲೈಟಿನಲ್ಲಿ ಈ ಏರು-ತಗ್ಗು ಪೂರ್ತಿ ಉಲ್ಟಾ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆ ಬಿಡಿಭಾಗಗಳ ಅಂಗಡಿ ಸಾಲು ಸಾಲಾಗಿ ಇವೆ. ಊರಿನ ಅಣ್ಣನ ಕೊರೊಲ್ಲಾಕ್ಕೋ, ಬಾವನ ಹೋಂಡಾಕ್ಕೋ ಅಲ್ಲಿಂದ ಒಂದು ಹೆಡ್‌ಲೈಟ್ ಬಟ್ಟೆಯಲ್ಲಿ ಸುತ್ತಿ ಲಗೇಜಿನಲ್ಲಿ ತರುವವರಿದ್ದಾರೆ. "ದುಬೈ ಸಾಮಾನು, ಒರಿಜಿನಲ್" ಎಂದು ಹೆಮ್ಮೆ. ಒರಿಜಿನಲ್ ಹೌದು, ಬಾಳಿಕೆಯೂ ಬರಬಹುದು. ಆದರೆ ಆ ಲೈಟ್ ಹಾಕಿದ ಕಾರು ಡಿಮ್ ಮಾಡಿಯೇ ಓಡಿದರೂ ಬೆಳಕಿನ ಏರಿದ ಭಾಗ ನೇರ ಎದುರಿನವನ ಮುಖಕ್ಕೆ ಬೀಳ್ತದೆ. ಚಲಾಯಿಸುವವನಿಗೆ ಗೊತ್ತೇ ಆಗುವುದಿಲ್ಲ, ಅವನು ಡಿಮ್ ಮಾಡಿದ್ದಾನಲ್ಲ! ಎದುರಿನವನು ಬ್ರೈಟ್ ಹಾಕಿ ಬೈದರೆ "ಅವನಿಗೆ ಎಂಥದಪ್ಪ" ಎಂದುಕೊಳ್ಳುತ್ತಾನೆ. ಸ್ಕ್ರೂ ತಿರುಗಿಸಿ ಸೆಟ್ಟಿಂಗ್ ಮಾಡಿದರೂ ಇದು ಸರಿಯಾಗುವುದಿಲ್ಲ, ಏಕೆಂದರೆ ಏರು-ತಗ್ಗು ಗ್ಲಾಸ್ ಮತ್ತು ರಿಫ್ಲೆಕ್ಟರಿನ ಒಳಗೇ ಇದೆ. ಪೂರ್ತಿ ತಗ್ಗಿಸಿದರೆ ಎದುರಿನವನು ಬಚಾವ್, ಆದರೆ ನಮಗೆ ಹತ್ತು ಮಾರಿನಾಚೆ ಏನೂ ಕಾಣುವುದಿಲ್ಲ.

ಗುರುತಿಸುವುದು ಕಷ್ಟವಲ್ಲ. ಯುರೋಪಿನ ನಿಯಮದ ಪ್ರಕಾರ ತಯಾರಾದ ಹೆಡ್‌ಲೈಟಿನ ಗ್ಲಾಸಿನಲ್ಲಿ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ ಮತ್ತು ಒಂದು ಅಂಕೆ ಇರುತ್ತದೆ. ಅದರ ಹತ್ತಿರ ಬಾಣದ ಗುರುತು ಹುಡುಕಿ. ಹೆಡ್‌ಲೈಟನ್ನು ಮುಂದಿನಿಂದ ನೋಡುವಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ಎಡಬದಿಯಲ್ಲಿ ಓಡುವ ದೇಶದ್ದು, ಅಂದರೆ ನಮಗೆ ಆಗುವಂಥದ್ದು. ಬಾಣಕ್ಕೆ ಎರಡೂ ಕಡೆ ಮೊನೆ ಇದ್ದರೆ ಎರಡಕ್ಕೂ ಹೊಂದಿಸಬಹುದಾದ್ದು. ಗುರುತು ಇದ್ದು ಬಾಣವೇ ಇಲ್ಲದಿದ್ದರೆ ಅದು ಬಲಬದಿಯ ದೇಶದ್ದು. ಎಷ್ಟು ಕಡಿಮೆಗೆ ಸಿಕ್ಕಿದರೂ, ಯಾರು ಪ್ರೀತಿಯಿಂದ ತಂದುಕೊಟ್ಟರೂ ಅದನ್ನು ಹಾಕಬೇಡಿ. ಜಪಾನಿನಲ್ಲಿ ನಮ್ಮ ಹಾಗೆ ಎಡಬದಿ, ಹಾಗಾಗಿ ಅಲ್ಲಿಯ ಒಳಪೇಟೆಯಿಂದ ಬಂದ ಲೈಟಿಗೆ ಈ ತಕರಾರಿಲ್ಲ.

ನೀರಿನ ವಿಷಯಕ್ಕೆ ಬರೋಣ. ನಮ್ಮದು ಮಳೆಯ ಊರು, ಮೇಲಿಂದ ಉಪ್ಪುಗಾಳಿ. ಗ್ಲಾಸಿಗೂ ಹಿಂದಿನ ಡಬ್ಬಕ್ಕೂ ನಡುವಿನ ಅಂಟು ಎಲ್ಲಾದರೂ ಬಿಟ್ಟುಕೊಂಡರೆ ಒಂದು ಮಳೆಗಾಲದಲ್ಲಿ ಒಳಗೆ ನೀರು. ಬೆಳಿಗ್ಗೆ ತುಸು ಮಂಜು ಕಟ್ಟಿ ಲೈಟ್ ಹಾಕಿದ ಮೇಲೆ ಹೋಗುವುದು ದೊಡ್ಡ ಸಂಗತಿಯಲ್ಲ. ಹನಿ ನಿಂತರೆ ಮಾತ್ರ ರಿಫ್ಲೆಕ್ಟರಿನ ಬೆಳ್ಳಿಬಣ್ಣ ಮಂಕಾಗಿ, ಚಕ್ಕೆ ಏಳುತ್ತದೆ. ಆ ಬೆಳ್ಳಿಬಣ್ಣ ಎಂದರೆ ಕೂದಲಿಗಿಂತ ತೆಳುವಾದ ಅಲ್ಯುಮಿನಿಯಂ ಲೇಪ. ಒಮ್ಮೆ ಹೋದರೆ ಹೋಯಿತು, ಬಟ್ಟೆಯಲ್ಲಿ ಉಜ್ಜಿದರೆ ಇನ್ನೂ ಬೇಗ ಹೋಗ್ತದೆ. ಅಂಥ ಹೆಡ್‌ಲೈಟಿಗೆ ಎಷ್ಟು ಒಳ್ಳೆಯ ಬಲ್ಬ್ ಹಾಕಿದರೂ ಬೆಳಕು ಮಡಕೆಯೊಳಗಿನ ದೀಪದ ಹಾಗೆ.

ಕೆಲವರು ಇಂಥ ಲೈಟನ್ನು ಬಿಸಿಲಿಗೆ ಒಣಗಿಸಿ, ಅಂಚಿಗೆ ಹೊಸ ಸಿಲಿಕೋನ್ ಮೆತ್ತಿ, ಗ್ಲಾಸಿಗೆ ಪಾಲಿಷ್ ಹೊಡೆದು ಇಡುತ್ತಾರೆ. ಕೊಳ್ಳುವವನಿಗೆ ಕಾಣುವುದು ಫಳಫಳ ಹೊಳೆಯುವ ಮುಖ. ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿದಾಗ ಒಳಗಿದ್ದುದು ಒದ್ದೆ ಎಂಬ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಒದ್ದೆಯಾದದ್ದನ್ನು ಮಾರಬೇಡ ಎಂದು ಅಲ್ಲಿ ಹೇಳಿಲ್ಲ, ಜನರಿಗೆ ಕಾಣುವ ಹಾಗೆ ಮೇಲಿಡು ಎಂದದ್ದು. ಗುಜರಿ ವ್ಯಾಪಾರಕ್ಕೆ ಇದಕ್ಕಿಂತ ನೇರ ಹೊಂದುವ ಮಾತು ಬೇರೆ ಇಲ್ಲ. ನೀರು ಹೋದ ಲೈಟನ್ನೂ ಮಾರಲಿ, "ಇದಕ್ಕೆ ನೀರು ಹೋಗಿದೆ, ಅದಕ್ಕೇ ಇಷ್ಟು ಕಡಿಮೆ" ಎಂದು ಹೇಳಿ ಮಾರಲಿ. ತೋಟದೊಳಗೆ ಓಡಿಸುವ ಜೀಪಿಗೆ ಬೇಕಾದವನು ಅದನ್ನೂ ಕೊಂಡು ಹೋಗುತ್ತಾನೆ.

ಕೊಳ್ಳುವವನೂ ಕಣ್ಣು ಬಿಡಬೇಕು. ಸಂಜೆ ಕತ್ತಲಲ್ಲಿ ಶೆಡ್ಡಿಗೆ ಹೋಗಬೇಡಿ, ಬಿಸಿಲಲ್ಲಿ ಹೋಗಿ. ಹೆಡ್‌ಲೈಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗೆ ಏನಾದರೂ ಗಲಗಲ ಅಂದರೆ ಮುರಿದ ಚೂರು. ಹಿಂದಿನ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿ: ಅಡಿಯಲ್ಲಿ ಕಂದು ಗೆರೆ ಇದ್ದರೆ ನೀರು ನಿಂತ ಗುರುತು, ಬಲ್ಬಿನ ಮೇಲ್ಭಾಗದಲ್ಲಿ ಸುಟ್ಟ ಕಲೆ ಇದ್ದರೆ ಯಾರೋ ಜಾಸ್ತಿ ವ್ಯಾಟಿನ ಬಲ್ಬ್ ಹಾಕಿ ಓಡಿಸಿದ್ದಾರೆ. ನಮ್ಮ ಬಹುತೇಕ ಹಳೆ ಸಣ್ಣ ಕಾರುಗಳಿಗೆ ಬರುವುದು ಎಚ್4 ಬಲ್ಬ್, 60/55 ವ್ಯಾಟ್. ಅದಕ್ಕೆ 100/90 ಹಾಕಿದರೆ ಮೊದಲು ಕರಗುವುದು ಹೋಲ್ಡರ್. ಆದ್ದರಿಂದ ಹೋಲ್ಡರಿನ ಬಾಯಿ ಕೆಂಪಾಗಿದೆಯೋ, ಮೆತ್ತಗಾಗಿದೆಯೋ ನೋಡಲೇಬೇಕು.

ಕಾರಿನ ಬಾಡಿಗೆ ಬೋಲ್ಟ್ ಕೂರುವ ಕಿವಿಗಳು ಇರುತ್ತವಲ್ಲ, ಗುಜರಿ ಹೆಡ್‌ಲೈಟಿನಲ್ಲಿ ಹೆಚ್ಚಾಗಿ ಮುರಿದಿರುವುದು ಅವೇ. ಫೆವಿಕ್ವಿಕ್ಕೋ, ಎಂ-ಸೀಲೋ ಹಾಕಿ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ಗಟ್ಟಿ ಕಾಣ್ತದೆ, ನಮ್ಮ ರಸ್ತೆಯ ಗುಂಡಿಗಳಲ್ಲಿ ನಾಲ್ಕು ದಿನ. ಆಮೇಲೆ ಹೆಡ್‌ಲೈಟ್ ತಲೆ ಅಲ್ಲಾಡಿಸುತ್ತಾ ಹೋಗುತ್ತದೆ. ಎತ್ತರ ಹೊಂದಿಸುವ ಸ್ಕ್ರೂ ತಿರುಗುತ್ತದೋ ಎಂದೂ ಅಲ್ಲೇ ನೋಡಿಬಿಡಿ. ತುಕ್ಕು ಹಿಡಿದು ಜಾಮ್ ಆಗಿದ್ದರೆ ಆ ಲೈಟ್ ಸೆಟ್ಟಿಂಗಿಗೆ ಬರುವುದಿಲ್ಲ.

ಹಳದಿ ಬಿದ್ದ ಗ್ಲಾಸಿನ ಬಗ್ಗೆ ನನಗೆ ಅಷ್ಟು ವಿರೋಧ ಇಲ್ಲ. ಈಗಿನದ್ದು ಗ್ಲಾಸ್ ಅಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಮೇಲಿನ ಲೇಪ ಹೋಗಿ ಹಳದಿಯಾಗುತ್ತದೆ. ನೀರುಕಾಗದ ಹಾಕಿ ಉಜ್ಜಿ ಪಾಲಿಷ್ ಮಾಡಿದರೆ ತಿಳಿಯಾಗುತ್ತದೆ, ಲೇಪ ಮತ್ತೆ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಪುನಃ ಹಳದಿ. ಟೂತ್‌ಪೇಸ್ಟ್ ಹಾಕಿ ತಿಕ್ಕುವುದು ಮೊಬೈಲಿನಲ್ಲಿ ನೋಡಲು ಚೆಂದ, ಅಷ್ಟೆ. ಒಳಗಿನ ರಿಫ್ಲೆಕ್ಟರ್ ಸರಿ ಇದ್ದು ಹೊರಗೆ ಮಾತ್ರ ಹಳದಿಯಾದ ಕಂಪೆನಿ ಲೈಟ್ ಸಿಕ್ಕಿದರೆ ಧೈರ್ಯವಾಗಿ ಕೊಳ್ಳಬಹುದು. ಹೊರಗೆ ಹೊಳೆದು ಒಳಗೆ ಮಂಕಾದದ್ದು ಬೇಡ.

ಫೋನಿನಲ್ಲಿ ತರಿಸುವವರು 'ಎಡ', 'ಬಲ' ಎನ್ನುವ ಬದಲು 'ಡ್ರೈವರ್ ಸೈಡ್', 'ಕ್ಲೀನರ್ ಸೈಡ್' ಎಂದರೆ ಗೊಂದಲವಿಲ್ಲ. ಎದುರು ನಿಂತು ನೋಡುವವನ ಎಡವೇ ಬೇರೆ, ಕೂತವನ ಎಡವೇ ಬೇರೆ. ವರ್ಷವನ್ನೂ ಹೇಳಿ. ಸ್ವಿಫ್ಟ್ ಎಂದರೆ ಒಂದೇ ಸ್ವಿಫ್ಟ್ ಅಲ್ಲ: 2005ರಲ್ಲಿ ಬಂದದ್ದು, 2011ರದ್ದು, 2018ರದ್ದು, ಮೂರರ ಹೆಡ್‌ಲೈಟೂ ಬೇರೆ ಬೇರೆ. 2003ರ ಸ್ಯಾಂಟ್ರೋ ಜಿಂಗ್‌ನದ್ದು ಅದಕ್ಕಿಂತ ಮೊದಲಿನ ಸ್ಯಾಂಟ್ರೋಗೆ ಕೂರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಗತಿ ಉಳಿಯಿತು. ಒಡೆಯದೆ ಬರೀ ಮಂಕಾಗಿರುವ ಎಷ್ಟೋ ಹೆಡ್‌ಲೈಟ್‌ಗಳನ್ನು ಬದಲಿಸುವ ಅಗತ್ಯವೇ ಇರುವುದಿಲ್ಲ. ಹಳೆ ಕಾರಿನ ವೈರ್, ಸ್ವಿಚ್, ಬಾಡಿಗೆ ಕೊಟ್ಟ ಅರ್ತ್, ಎಲ್ಲದಕ್ಕೂ ನಮ್ಮ ಉಪ್ಪುಗಾಳಿಯಲ್ಲಿ ಹಸಿರು ತುಕ್ಕು. ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬಿಗೆ ತಲುಪುವಾಗ ಸೋತಿರುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ಹತ್ತು ಶೇಕಡಾ ಕಡಿಮೆಯಾದರೆ ಬೆಳಕು ಹತ್ತಲ್ಲ, ಸುಮಾರು ಮೂವತ್ತು ಶೇಕಡಾ ಕಡಿಮೆಯಾಗುತ್ತದೆ. ಒಳ್ಳೆಯ ಇಲೆಕ್ಟ್ರಿಷಿಯನ್ ಮೀಟರ್ ಹಿಡಿದು ಐದು ನಿಮಿಷದಲ್ಲಿ ಹೇಳಿಬಿಡುತ್ತಾನೆ. ಅರ್ತ್ ಉಜ್ಜಿ, ಒಂದು ರಿಲೇ ಹಾಕಿದರೆ ಅದೇ ಹಳೆ ಲೈಟ್ ಹೊಸದರ ಹಾಗೆ ಉರಿಯುವುದೂ ಉಂಟು. ಆದರೆ "ಲೈಟ್ ಚೇಂಜ್ ಮಾಡ್ಬೇಕು" ಎಂದು ಹೇಳಿದರೆ ಗ್ಯಾರೇಜಿನವನಿಗೂ ಸುಲಭ, ನಮಗೂ ಏನೋ ಹೊಸದು ಹಾಕಿಸಿದ ತೃಪ್ತಿ.

ನಮ್ಮ ಹುಡುಗರು ಮಂಕು ಬೆಳಕಿಗೆ ಕಂಡುಕೊಂಡ ಮದ್ದು ಇನ್ನೊಂದು: ಹ್ಯಾಲೊಜೆನ್ ಡಬ್ಬಕ್ಕೆ ಎಲ್‌ಇಡಿ ಬಲ್ಬ್. ಹಾಲಿನ ಹಾಗೆ ಬಿಳಿ ಬೆಳಕು ಹೊಡೀತದೆ, ನಿಜ. ರಿಫ್ಲೆಕ್ಟರ್ ಲೆಕ್ಕ ಹಾಕಿದ್ದು ತಂತಿಗೆ ಎಂದೆನಲ್ಲ, ಎಲ್‌ಇಡಿಯ ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬೇರೆ. ಬೆಳಕು ಅಂಚಿಲ್ಲದೆ ಚೆಲ್ಲಿಹೋಗುತ್ತದೆ, ಅರ್ಧ ಎದುರಿನವನ ಕಣ್ಣಿಗೆ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕಲು ಹೊರಟದ್ದು ಇದೇ ಕಾರಣಕ್ಕೆ. ಕೆಲವು ದಿನ ಕಾಟ ಎಂದು ಬೈದೆವು. ನಾನಂತೂ ಅದು ಇನ್ನಷ್ಟು ಜೋರಾಗಿ ನಡೆಯಬೇಕು ಎನ್ನುವವನು. ಶಿರಾಡಿ ಘಾಟಿಯ ತಿರುವಿನಲ್ಲಿ ಮಳೆಯ ರಾತ್ರಿ ಎದುರಿನಿಂದ ಇಂಥದ್ದೊಂದು ಬಂದರೆ ಮೂರು ನಾಲ್ಕು ಸೆಕೆಂಡ್ ರಸ್ತೆಯೇ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಎಂದರೆ ಐವತ್ತು ಮೀಟರ್ ಕುರುಡಾಗಿ ಓಡಿದ ಹಾಗೆ. ಎದುರಿನವನು ಲಾರಿ ಚಾಲಕನಾದರೆ ಎತ್ತರದಲ್ಲಿ ಕೂತು ಹೇಗೋ ಸುಧಾರಿಸಿಯಾನು. ಬೆಳಗಿನ ಜಾವ ಸ್ಕೂಟರಿನಲ್ಲಿ ಮೀನು ತರಲು ದಕ್ಕೆಗೆ ಹೊರಟವನು, ಸುಬುಹಿ ನಮಾಝಿಗೆ ಹೆದ್ದಾರಿ ದಾಟುವ ಮುದುಕ, ಇವರೆಲ್ಲಿಗೆ ಹೋಗಬೇಕು?

ಕಾಗದಪತ್ರದ ಮಾತು ಗುಜರಿಯವರಿಗೆ ರುಚಿಸುವುದಿಲ್ಲ, ಆದರೂ ಹೇಳಬೇಕು. ಹೆಡ್‌ಲೈಟ್ ಕೊಂಡಾಗ ಬಿಲ್ ಕೇಳಿದರೆ "ಗುಜರಿಗೆ ಎಂಥ ಬಿಲ್ಲು ಮಾರಾಯ" ಎಂದು ನಗುತ್ತಾರೆ. ನಿಲ್ಲಿಸಿದ ಕಾರಿನಿಂದ ಬಿಚ್ಚಿ ಕದ್ದದ್ದೂ ಇದೇ ಪೇಟೆಗೆ ಬಂದು ಸೇರುವ ಸಂಭವ ಇದೆ. ಕದ್ದ ಮಾಲು ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು ಕೊಂಡವನ ಮೇಲೂ ಬರುತ್ತದೆ. ಎಲ್ಲಿಯೋ ಒಂದು ಕಳವಾದರೆ ಪೊಲೀಸರು ಮೊದಲು ಗುಜರಿಗಳ ಬಾಗಿಲು ತಟ್ಟುವುದೂ, ಮರುದಿನ ಅದಕ್ಕೆ ಸಮುದಾಯದ ಬಣ್ಣ ಬಳಿಯುವುದೂ ನಮಗೆ ಹೊಸತಲ್ಲ. ಹಾಗಿರುವಾಗ ಕಾಗದ ಇಟ್ಟುಕೊಳ್ಳುವುದರಿಂದ ಹೆಚ್ಚು ಲಾಭ ಯಾರಿಗೆ? ಗುಜರಿಯವರಿಗೇ. ಒಂದು ಪುಸ್ತಕ ಸಾಕು: ಯಾವ ನಂಬರಿನ ಗಾಡಿ ಯಾರಿಂದ ಎಂದು ಬಂತು, ಆರ್‌ಸಿಯ ಜೆರಾಕ್ಸ್, ಅದರಿಂದ ಬಿಚ್ಚಿದ ಹೆಡ್‌ಲೈಟ್ ಯಾರಿಗೆ ಹೋಯಿತು. ಕೊಂಡವನಿಗೆ ಒಂದು ಚೀಟಿ, ಅದರಲ್ಲಿ ಗಾಡಿಯ ನಂಬರ್, ಇರುವ ದೋಷ, ವಾಪಸ್ ತೆಗೆದುಕೊಳ್ಳುವ ಗಡುವು. 2021ರಲ್ಲಿ ಕೇಂದ್ರ ಸರಕಾರ ವಾಹನ ಗುಜರಿಗೆ ನೋಂದಾಯಿತ ಕೇಂದ್ರಗಳ ನಿಯಮ ತಂದಿದೆ. ದೊಡ್ಡ ಕಂಪೆನಿಗಳು ಈ ಕ್ಷೇತ್ರಕ್ಕೆ ಇಳಿದಾಗ ಪುಸ್ತಕವಿಲ್ಲದ ಸಣ್ಣ ಶೆಡ್‌ಗಳು ಉಳಿಯುವುದು ಕಷ್ಟ. ನಮ್ಮ ಊರಿನ ಗುಜರಿ ವ್ಯಾಪಾರಿಗಳು ಈಗಲೇ ಒಟ್ಟು ಕೂತು ಒಂದೇ ನಮೂನೆಯ ಚೀಟಿ ಮಾಡಿಕೊಂಡರೆ ಯಾರ ಅಪ್ಪಣೆಯೂ ಬೇಡ.

ಹದಿನೈದು ವರ್ಷ ತುಂಬಿದ ಕಾರಿನವರಿಗೆ ಇನ್ನೊಂದು ಲೆಕ್ಕ. ಆರ್‌ಸಿ ನವೀಕರಣದ ಶುಲ್ಕವನ್ನು 2022ರ ಎಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಗಿದೆ. ಆ ಸಮಯದಲ್ಲಿ ಗಾಡಿಯನ್ನು ತೋರಿಸಬೇಕು, ಹೆಡ್‌ಲೈಟ್ ಕೂಡ ನೋಡುತ್ತಾರೆ. ಆ ಒಂದು ದಿನಕ್ಕೆ ಗೆಳೆಯನ ಕಾರಿನ ಲೈಟ್ ಬಿಚ್ಚಿ ಹಾಕಿ, ತೋರಿಸಿ, ವಾಪಸ್ ಕೊಡುವ ಜಾಣರ ಬಗ್ಗೆ ನಾನು ಬರೆಯುವುದಿಲ್ಲ, ಅವರಿಗೇ ಗೊತ್ತು.

ಕೊನೆಗೆ ಲೈಟ್ ಕೂರಿಸುವ ಕೆಲಸ. ಬಲ್ಬಿನ ಗಾಜಿಗೆ ಬೆರಳು ತಾಗಿಸದಂತೆ ಮೆಕ್ಯಾನಿಕ್‌ಗೆ ಹೇಳಿ, ಕೈಯ ಎಣ್ಣೆ ಅಂಟಿದ ಜಾಗ ಬಿಸಿಯಾಗಿ ಬಲ್ಬ್ ಬೇಗ ಹೋಗ್ತದೆ. ಬೋಲ್ಟ್ ಬಿಗಿದ ಕೂಡಲೇ "ಆಯ್ತು ಸಾಹೇಬ್ರೆ" ಎಂದು ಅವನು ಕೈ ಒರೆಸಿಕೊಂಡರೆ ಬಿಡಬೇಡಿ. ಟಯರಿಗೆ ಗಾಳಿ ಸರಿ ಇದೆಯೋ ನೋಡಿ, ಸಮ ನೆಲದಲ್ಲಿ ಗೋಡೆಯ ಎದುರು ಕಾರು ನಿಲ್ಲಿಸಿ, ಕತ್ತಲಾದ ಮೇಲೆ ಡಿಮ್ ಹಾಕಿಸಿ. ಎರಡೂ ಲೈಟಿನ ಮೇಲಂಚು ಒಂದೇ ಎತ್ತರದಲ್ಲಿ, ಹೆಡ್‌ಲೈಟಿನ ನಡುಮಟ್ಟಕ್ಕಿಂತ ತುಸು ಕೆಳಗೆ ಬೀಳಬೇಕು. ಏರು ಎಡಕ್ಕೆ ಇರಬೇಕು. ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿ ಇನ್ನೊಮ್ಮೆ ನೋಡಿ, ಹಿಂದೆ ಭಾರ ಬಿದ್ದರೆ ಮುಂದಿನ ಬೆಳಕು ಮೇಲೇಳುತ್ತದೆ. ಈ ಸೆಟ್ಟಿಂಗಿಗೆ ಮೆಕ್ಯಾನಿಕ್ ನೂರೋ ಇನ್ನೂರೋ ಬೇರೆ ಕೇಳಿದರೆ ಚೌಕಾಶಿ ಮಾಡದೆ ಕೊಡಿ, ಅರ್ಧ ಗಂಟೆಯ ಕೆಲಸ ಅದು.